ಏಳನೆಯ ಕಲಮು

ಹೊಸನಗರದ ಮೊದಲ ಬಸ್ಸಿಗೆ ಬಂದಿದ್ದಾಳೆ ಕೆರಿಯಮ್ಮ.
ಕಂಬಳಿ ಸುತ್ತಿದ ಕೋವಿಗೂ ಕಂಡಕ್ಟರು
ಅರ್ಧ ಟಿಕೆಟ್ ಹರಿದನಂತೆ.
ನಗದೆ ಹೇಳಿದಳು, ನನ್ನ ಬೆಂಚಿನ ಮೇಲೆ ಮಲಗಿಸಿದಳು
ಮೂತಿ ಗೋಡೆಗೆ ಮಾಡಿ. ಪಳಗಿದ ಕೈ.

ಗಂಡ ಸತ್ತು ಎರಡು ವರ್ಷ; ಲೈಸೆನ್ಸು ಇವಳ ಹೆಸರಿಗೆ ಆಗಬೇಕು.
ಡಿ.ಸಿ. ಆಫೀಸಿನ ಫಾರಮ್ಮಿನಲ್ಲಿ ಏಳನೆಯ ಕಲಮು ಖಾಲಿ:
ತಯಾರಕರ ಹೆಸರು.
ಹಳೇ ಪುಸ್ತಕದಲ್ಲಿ ಇರುವುದು ಇಷ್ಟೇ:
ಒಂಟಿ ನಳಿಗೆ, ಮೂತಿಯಿಂದ ತುಂಬುವುದು, ವಿದೇಶಿ.
ವಿದೇಶಿ ಅಂದರೆ ಯಾವ ದೇಶ ಎಂದನಂತೆ ಗುಮಾಸ್ತ.
"ಹೊಸನಗರ ದಾಟಿದ್ರೆ ನಂಗೆ ಎಲ್ಲಾ ವಿದೇಶಿನೇಯ."

ಗಾಂಧಿ ಬಜಾರಿನ ಹಿಂದಿನ ಓಣಿ. ಬೋರ್ಡಿನಲ್ಲಿ
ಹೊಲಿಗೆ ಮಿಷನ್ ರಿಪೇರಿ, ಮೌನೇಶಾಚಾರಿ;
ಅದರಡಿ ಸಣ್ಣಕ್ಷರದಲ್ಲಿ, ಅಪ್ಪನ ಕಾಲದ ಬಣ್ಣದಲ್ಲಿ, ಕೋವಿ.

ಗಜ ಇಳಿಬಿಟ್ಟೆ. ಖಾಲಿ, ಠಣ್ಣೆಂದಿತು.
ಬ್ಯಾಟರಿ ಹಿಡಿದು ನಳಿಗೆಯೊಳಗೆ ಇಣುಕಿದರೆ
ಅಬ್ಬ, ತಿರುಚು ಗೀರುಗಳು! ಎಣಿಸಿದೆ, ಆರು,
ಹಾಗಲಬಳ್ಳಿಯ ಕುಡಿಯಂತೆ ಸುತ್ತಿಕೊಂಡು
ಕತ್ತಲೆಗೆ ಇಳಿದುಹೋಗಿವೆ.
ಇದು ನಾಡಕೋವಿಯಲ್ಲ, ರೈಫಲ್ಲು.
ಪುಣ್ಯಾತ್ಮ ಆಯುಷ್ಯವಿಡೀ ಇದಕ್ಕೆ ಚರೆ ತುಂಬಿ
ಮಂಗ ಓಡಿಸಿದ್ದಾನೆ,
ಸಂಗೀತ ಕಲಿತವಳನ್ನು ಗದ್ದೆಯಂಚಿಗೆ ಕೂರಿಸಿ
ಹಕ್ಕಿ ಅಟ್ಟಲು ಕೂಗಿಸಿದ ಹಾಗೆ.

ಹಿಡಿ ಮಾತ್ರ ಊರಿನದು, ಬೀಟೆ.
ಕೆನ್ನೆ ಒತ್ತುವಲ್ಲಿ ಒಂದು ತಗ್ಗು, ಅವನದೇ.
ಕುದುರೆಯ ಸ್ಪ್ರಿಂಗು ಯಾವುದೋ ಜೀಪಿನ ಪಟ್ಟಿ.
ಮಾವ ಒಬ್ಬ ಪಾದ್ರಿಯಿಂದ ಕೊಂಡದ್ದಂತೆ
ಒಂದು ಚೀಲ ಮೆಣಸು ಕೊಟ್ಟು.
ಪಾದ್ರಿಗೆ ಕೋವಿ ಯಾಕಿತ್ತು, ಕೇಳಿದವರಿಲ್ಲ.

ಬೆಣೆ ತಟ್ಟಿ, ನಳಿಗೆ ಎತ್ತಿ, ಬೋರಲು ಹಾಕಿದೆ.
ಗುರುತುಗಳಿರುವುದು ಹೊಟ್ಟೆಯ ಕಡೆ.
ವಿಭೂತಿ ಸವರಿ ಒರೆಸಿದೆ. ಗೀರುಗಳಲ್ಲಿ ಬಿಳುಪು ನಿಂತು
ಎದ್ದು ಬಂತು ಒಂದು ನಕ್ಷತ್ರ,
ಪಿ, ಎನ್: ಕರಿಮದ್ದಿಗೆ ಮಾತ್ರ,
ಪುಟ್ಟ ಚೌಕದಲ್ಲಿ ಜೋಡಿ ಎ.
ಅಪ್ಪನ ನೋಟುಪುಸ್ತಕ ತೆಗೆದೆ, ಎಣ್ಣೆ ಹೀರಿ ಕನ್ನಡಿಯಾದ ಹಾಳೆ.
"ಇಟಲಿ. ಎಪ್ಪತ್ತೈದನೇ ಇಸವಿ. ಪರೀಕ್ಷೆ ಪಾಸಾದ ನಳಿಗೆ."
"ಹೆಸರು?"

ಹೆಸರಿರಬೇಕಾದದ್ದು ಮೇಲೆ, ಬೆಳಕು ಬೀಳುವಲ್ಲಿ.
ಅಲ್ಲಿ ನನ್ನ ಮುಖ ಕಾಣುತ್ತಿತ್ತು.
ಓರೆ ಹಿಡಿದು, ಬಾಗಿಲ ಬಿಸಿಲಿಗೆ ಒಯ್ದು, ಪೆನ್ಸಿಲ್ ಉಜ್ಜಿದರೆ
ಮೊದಲಲ್ಲೊಂದು ದುಂಡು, ಕೊನೆಗೊಂದು ಐ.
ಐ ಇದ್ದರೇನು, ಆ ಕಡೆಯವರ ಹೆಸರೆಲ್ಲ
ಅಲ್ಲಿಗೇ ಬಂದು ನಿಲ್ಲುತ್ತವೆ.

"ಇಷ್ಟು ತಿಕ್ಕಿದ್ದು ಯಾರು?"

ಆಗ ಅರಳಿತು ಅವಳ ಮುಖ.
"ನಾನೇ ಸ್ವಾಮಿ. ಆಯುಧಪೂಜೆಗೆ ವರ್ಷಾ ವರ್ಷಾ,
ಹುಣಸೆಹಣ್ಣು, ಬೂದಿ, ಮೇಲೆ ಇಟ್ಟಿಗೆಪುಡಿ.
ಮದುವೆಯಾಗಿ ಬಂದಾಗ ಏನೋ ಕರಕಲು ಬರಹ ಇತ್ತು,
ಕಿಲುಬು ಕೂತಂಗೆ.
ಬಿಡಲೇ ಇಲ್ಲ ನಾನು."

ಮೂವತ್ತೊಂದು ನವಮಿ.
ಯಾವುದೋ ಕಣಿವೆಯಲ್ಲಿ, ನನ್ನಂಥದೇ ಬೆಂಚಿನ ಮುಂದೆ
ಒಬ್ಬ ಉಸಿರು ಹಿಡಿದು ಅಚ್ಚಿಟ್ಟು
ಒಂದೇ ಪೆಟ್ಟಿಗೆ ಹೊಡೆದಿರಬೇಕು ಹೆಸರನ್ನು.
ಎರಡನೆಯ ಪೆಟ್ಟು ಬಿದ್ದರೆ ಅಕ್ಷರ ಜೋಡಿಯಾಗುತ್ತದೆ,
ಹಾಗಂತ ಅಪ್ಪ ಹೇಳುತ್ತಿದ್ದ,
ತಾನು ಮಾತ್ರ ಯಾವುದಕ್ಕೂ ಹೆಸರು ಹೊಡೆಯದವನು.

ಅವಳಿಗೆ ಹೇಳಲಿಲ್ಲ. ಲೆಟರ್‌ಹೆಡ್ ತೆಗೆದು
'ಹೆಸರು ಅಳಿಸಿದೆ' ಎಂದು ಬರೆದು, ನಿಂತೆ.
ಅಳಿಸಿದೆ ಎಂದರೆ, ಅಳಿಸಿದ್ದು ಯಾರು ಅನ್ನುತ್ತಾರೆ;
ಕೇಸಾಗುತ್ತದೆ.
ಹಾಳೆ ಹರಿದು ಹೊಸದಕ್ಕೆ ಬರೆದೆ: ಇಟಲಿ. ಹೆಸರು ಸವೆದಿದೆ.
ಸವೆಯುವುದಕ್ಕೆ ಯಾರೂ ಬೇಕಿಲ್ಲ.

ಓದಿ ಹೇಳಿ ಅಂದಳು. ಓದಿದೆ.
"ಪಾಪ, ಏನ್ ಹೆಸರಿತ್ತೋ" ಎನ್ನುತ್ತ
ನಳಿಗೆಯ ಮೇಲೆ ಪೆನ್ಸಿಲ್ಲಿನ ಮಸಿ ಉಳಿದದ್ದು ಕಂಡು
ಸೆರಗಿನ ತುದಿ ಎಂಜಲು ಮಾಡಿ
ಚೆನ್ನಾಗಿ, ಇನ್ನೊಂದು ಸಲ, ತಿಕ್ಕಿದಳು.
ಕಂಬಳಿ ಸುತ್ತಿ ಎತ್ತಿಕೊಂಡಳು.
ಹನ್ನೆರಡೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.